ಹೊಳೆ ಊರೊಳಗಿದ್ದಷ್ಟು ದಿನ

ಮೊನ್ನೆ ಜೇವರ್ಗಿಯಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ಪಕ್ಕದ ಅಡತಿ ಅಂಗಡಿಯ ಹಮಾಲರು ಹಿಂದಿನ ವಾರದ ಮಳೆಗೆ ನೆನೆದ ಜೋಳದ ಚೀಲಗಳನ್ನು ಹೊರಗೆ ತಂದು ಬಿಸಿಲಿಗೆ ಸುರಿಯುತ್ತಿದ್ದರು. ಮುಗ್ಗು ಹಿಡಿದ ಜೋಳದ ವಾಸನೆ ಗೊತ್ತಿದ್ದವರಿಗೆ ಗೊತ್ತು. ಮೂಗಿನೊಳಗೆ ಒಮ್ಮೆ ಹೊಕ್ಕರೆ ಬೇಗ ಹೊರಡುವುದಿಲ್ಲ. ನನ್ನ ಪಕ್ಕ ನಿಂತಿದ್ದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು "ಥೂ, ಏನ್ ನಾತರೀ ಇದು" ಎಂದು ದೂರ ಹೋದಳು. ನಾನು ಅಲ್ಲೇ ನಿಂತೆ. ನನ್ನ ಬಸ್ಸು ಬಂತು, ಹೋಯಿತು. ಅಫಜಲಪುರ ತಾಲೂಕಿನ ಭೀಮಾ ದಂಡೆಯ ನನ್ನ ತವರೂರು, ಹೊಳೆ ಬಂದ ಆ ವರ್ಷ, ನನ್ನ ಅವ್ವ ಎಲ್ಲವೂ ಆ ವಾಸನೆಯೊಳಗಿದ್ದವು.

ಆ ವರ್ಷದ ಮಾತು ಬಂದಾಗಲೆಲ್ಲ ನಾನು ಒಂದು ಮಾತು ಹೇಳುತ್ತೇನೆ, ಕೇಳಿದವರು ನನಗೆ ತಲೆ ನೆಟ್ಟಗಿಲ್ಲ ಅಂದುಕೊಳ್ಳುತ್ತಾರೆ. ಊರು ಮುಳುಗಿದ್ದಾಗ ನಾವು ಸುಖವಾಗಿದ್ದೆವು. ಅಂದುಕೊಳ್ಳಲಿ ಬಿಡಿ, ನನಗೇನು.

ನಾನು ಆಳಂದ ತಾಲೂಕಿನ ಕಡಗಂಚಿಯಲ್ಲಿ ಹೈಸ್ಕೂಲಿಗೆ ಕನ್ನಡ ಕಲಿಸುವವಳು. ಆ ಸಲ ದಸರೆಯ ರಜೆಗೆ ತವರಿಗೆ ಹೋಗಿದ್ದೆ. ತವರು ಅಂದರೆ ಅವ್ವ ಕಮಲಾಬಾಯಿ, ಟ್ರ್ಯಾಕ್ಟರ್ ಓಡಿಸುವ ಅಣ್ಣ, ಅವನ ಹೆಂಡತಿ ನಮ್ಮ ವೈನಿ, ಹೊಳೆಗೆ ಹತ್ತಿದ ಕೆಳಗಿನ ಓಣಿಯಲ್ಲಿ ಬುದ್ಧನ ಪಟ ತೂಗುಹಾಕಿದ ಒಂದು ಮಣ್ಣಿನ ಮನೆ. ನಡುವಿನ ಓಣಿಯಲ್ಲಿ ಶರಣಮ್ಮನವರ ಕಲ್ಲಿನ ಮನೆ. ಕಿರಾಣಿ ಅಂಗಡಿ ಅವರದು, ಹಿಟ್ಟಿನ ಗಿರಣಿ ಅವರದು, ತೊಗರಿ ಹೊಲ, ಕಬ್ಬಿನ ಹೊಲ ಅವರದು. ಅಣ್ಣ ಹವಳಗಾದ ಸಕ್ಕರೆ ಕಾರ್ಖಾನೆಗೆ ಹೇರಿಕೊಂಡು ಹೊಡೆಯುತ್ತಿದ್ದುದೂ ಅವರ ಕಬ್ಬನ್ನೇ. ಆ ಮನೆಯ ಅಂಗಳದಲ್ಲಿ ಶರಣಮ್ಮ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ಆರು ಒಲೆ, ಆರು ಜನ ಹೆಣ್ಣುಮಕ್ಕಳು, ಎಲ್ಲರೂ ಅವಳ ಓಣಿಯವರೇ, ಅವಳ ಬಳಗದವರೇ. ಕಲಬುರಗಿಯ ಖಾನಾವಳಿಗಳಿಗೆ ಖಡಕ್ ರೊಟ್ಟಿ ಇಲ್ಲಿಂದ ಹೋಗುತ್ತಿತ್ತು.

ಅವ್ವ ನಾನು ಹುಟ್ಟುವ ಮೊದಲಿನಿಂದಲೂ ಶರಣಮ್ಮನ ಹೊಲದಲ್ಲಿ ಕಳೆ ತೆಗೆದವಳು. ಮೊಣಕಾಲು ಸವೆದಿದ್ದವು. ಆದರೆ ಕೈ ಮಾತ್ರ, ಹೊಗಳಿಕೆ ಅಂದುಕೊಳ್ಳಬೇಡಿ, ಅವ್ವ ತಟ್ಟಿದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ಹಿಡಿದ ಬೆರಳು ಕಾಣುತ್ತಿತ್ತು. ಆ ರೊಟ್ಟಿಯನ್ನು ನಮ್ಮ ಓಣಿ ಬಿಟ್ಟು ಯಾರೂ ಉಂಡಿರಲಿಲ್ಲ. ಉಣ್ಣುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಹೊಲದಿಂದ ಬರುವಾಗ ಅವ್ವ ಕೇಂದ್ರದ ಗೋಡೆಯ ಹೊರಗೆ ಕಳೆ ತೆಗೆಯುವ ಕುರ್ಚಿಗಿ ಹಿಡಿದುಕೊಂಡು ನಿಲ್ಲುತ್ತಿದ್ದಳು. "ಕೇಳು ಸುಜಾತಾ, ಆ ಕಡೀ ಒಲಿ ಮ್ಯಾಲಿನಾಕಿ ಅವಸರ ಮಾಡಾಕತ್ಯಾಳ. ಅಂಚು ಸೀಳ್ತದ ನೋಡು." ಆಮೇಲೆ ತನಗೆ ತಾನೇ ಅನ್ನುವಂತೆ, "ನನಗೊಂದು ಒಲಿ ಸಿಕ್ಕಿದ್ರ ಈ ಕೆಸರಾಗ ಬಗ್ಗೋದು ತಪ್ತಿತ್ತು" ಅನ್ನುವಳು. ಅವ್ವ ಬದುಕಿನಲ್ಲಿ ಆಸೆಪಟ್ಟದ್ದು ಅಷ್ಟೇ. ನೆರಳಿನಲ್ಲಿ ನಾಲ್ಕು ಜನರ ನಡುವೆ ಕೂತು ರೊಟ್ಟಿ ತಟ್ಟುವುದು.

ಹೊಳೆ ಬಂದ ದಿನ ನಮ್ಮಲ್ಲಿ ಒಂದು ಹನಿ ಮಳೆ ಇರಲಿಲ್ಲ. ಕಣ್ಣು ಕುಕ್ಕುವ ಬಿಸಿಲು. ಮಳೆ ಬಿದ್ದದ್ದು ಮೇಲೆ ಮಹಾರಾಷ್ಟ್ರದಲ್ಲಿ, ಅಲ್ಲಿ ಡ್ಯಾಮು ತುಂಬಿ ಬಿಟ್ಟ ನೀರು ಬಂದದ್ದು ನಮ್ಮ ಮೇಲೆ. ಪಂಚಾಯಿತಿಯ ಆಟೋ ಮೈಕು ಕಟ್ಟಿಕೊಂಡು ತಿರುಗಿತು. "ಹೊಳಿದಂಡಿ ಮಂದಿ ಜಲ್ದಿ ಮ್ಯಾಲಕ್ಕ ಹೋಗ್ರಿ, ಸಾಮಾನಿನ ಆಸೆ ಬಿಡ್ರಿ." ನೀರು ನಾವು ಅಂದುಕೊಂಡಂತೆ ಹೊಳೆಯ ಕಡೆಯಿಂದ ಬರಲಿಲ್ಲ. ಗಟಾರದಲ್ಲಿ ಹಿಮ್ಮುಖವಾಗಿ ಹರಿದು ಬಚ್ಚಲಿನಿಂದ ಮನೆಯೊಳಗೆ ಬಂತು. ವೈನಿ ಕೋಳಿಗಳನ್ನು ಬುಟ್ಟಿಗೆ ತುಂಬುತ್ತಿದ್ದಳು, ಅಣ್ಣ ದನ ಬಿಚ್ಚುತ್ತಿದ್ದ. ಅವ್ವ ಬುದ್ಧನ ಪಟ ಬಗಲಲ್ಲಿ ಇಟ್ಟುಕೊಂಡು, ರೊಟ್ಟಿ ಸುಡುವ ಹಂಚನ್ನು ತಲೆಯ ಮೇಲೆ ಹೊತ್ತು ಹೊರಟಳು. ಜೋಳದ ಚೀಲಗಳನ್ನು ಎತ್ತಲು ಆಗಲಿಲ್ಲ.

ಬೀಗರು ಬಿಜ್ಜರು ಇದ್ದವರು ಟ್ರ್ಯಾಕ್ಟರ್ ಹತ್ತಿ ಹೊಳೆಯಿಂದ ದೂರದ ಮಟಕಿ ಊರಿನ ಕಡೆಗೆ, ಆಳಂದದ ಕಡೆಗೆ ಹೋದರು. ರೊಟ್ಟಿ ಕೇಂದ್ರದ ಆರೂ ಹೆಣ್ಣುಮಕ್ಕಳು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹಾಗೇ ಹೋದವರು. ಹೋಗಲು ಜಾಗವಿಲ್ಲದ ನಮ್ಮಂಥವರು ದಿಬ್ಬದ ಮೇಲಿನ ಶಾಲೆಗೆ ಹೋದೆವು. ಶರಣಮ್ಮನಿಗೆ ಬಳಗಕ್ಕೇನು ಬರವಿರಲಿಲ್ಲ, ಆದರೆ ಅವಳ ಮಾವ ಮಲ್ಲಪ್ಪ ಸಾವ್ಕಾರರು ಹಟ ಹಿಡಿದರು. "ಮನಿ ಕಾಣೋ ಜಾಗಾ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ." ಹಾಗಾಗಿ ದೊಡ್ಡ ಮನೆಯೂ ಶಾಲೆಗೆ ಬಂತು. ಬರುವ ಅವಸರದಲ್ಲಿ ಶರಣಮ್ಮ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಉಬ್ಬಿ ಬಂದಿತ್ತು.

ಶಾಲೆಯಲ್ಲೂ ನಾವು ಹೋಗಿ ಕೂತದ್ದು ಕಡೆಯ ಕೋಣೆಯ ಮುಂದಿನ ಜಗಲಿಯಲ್ಲಿ. ಅಲ್ಲಿ ಕೂಡ್ರಿ ಎಂದು ಯಾರೂ ಹೇಳಲಿಲ್ಲ. ನಮ್ಮ ಕಾಲುಗಳೇ ಅಲ್ಲಿಗೆ ಹೋದವು.

ಸರಕಾರದವರು ಅನ್ನ, ಸಾರು ಮಾಡಿಸಿ ಹಾಕುತ್ತಿದ್ದರು. ಅವರನ್ನು ಬೈಯುವಂತಿಲ್ಲ. ಆದರೆ ನಮ್ಮ ಕಡೆ ಅನ್ನ ಅಂದರೆ ರೊಟ್ಟಿ ಉಂಡಮೇಲೆ ಕಡೆಗೆ ಉಣ್ಣುವ ತುತ್ತು, ಅದೇ ಊಟ ಅಂದರೆ ಹಿರಿಯರಿಗೆ ಊಟ ಮಾಡಿದ ಹಾಗೇ ಆಗುವುದಿಲ್ಲ. ಮಲ್ಲಪ್ಪ ಸಾವ್ಕಾರರು ತಾಟು ದೂಡಿ ದೂಡಿ ಸೊರಗಿ ಹೋದರು. "ಒಂದ್ ಚೂರು ರೊಟ್ಟಿ ಕೊಡ್ರೆವ್ವ, ಇಲ್ಲಂದ್ರ ಸಾಯಾಕ ಬಿಡ್ರಿ" ಅನ್ನತೊಡಗಿದರು. ಗಿರಣಿಯಿಂದ ಅಣ್ಣ ಟ್ರ್ಯಾಕ್ಟರಿನಲ್ಲಿ ಹೊತ್ತು ತಂದಿದ್ದ ಹಿಟ್ಟಿನ ಚೀಲಗಳಿದ್ದವು. ಶರಣಮ್ಮ ಮೂರು ಕಲ್ಲು ಹೂಡಿ, ಹಸಿ ತೊಗರಿಕಟ್ಟಿಗೆಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು, ಎಡಗೈಯಲ್ಲಿ ತಟ್ಟಲು ನೋಡಿದಳು. ಎತ್ತಿದಾಗಲೆಲ್ಲ ರೊಟ್ಟಿ ಹರಿದು ಬೀಳುತ್ತಿತ್ತು.

ಅವ್ವ ಜಗಲಿಯ ಈ ತುದಿಯಿಂದ ಅದನ್ನು ನೋಡುತ್ತಿದ್ದಳು. ನೋಡಿ ನೋಡಿ ಸಾಕಾಗಿ ಎದ್ದು ಹೋದಳು.

"ಅಮ್ಮಾರ, ಸರೀರಿ ಒಂದಿಷ್ಟು."

ಶರಣಮ್ಮ ಅವ್ವನ ಮುಖ ನೋಡಿದಳು. ಸುತ್ತ ಕೂತ ಮಂದಿಯ ಮುಖ ನೋಡಿದಳು. ಸರಿದು ಕೂತಳು.

ಅವ್ವ ಕೈ ತೊಳೆದು ಹಿಟ್ಟಿಗೆ ಕೈ ಹಾಕಿದಳು. ಜಗಲಿಯ ತುಂಬ ಮಂದಿ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿ ನಿಂತಿತು. ಶರಣಮ್ಮ ಅದನ್ನು ಎಡಗೈಯಿಂದಲೇ ತೆಗೆದು, ನಂಚಿಕೊಳ್ಳಲು ಶೇಂಗಾ ಹಿಂಡಿ ಹಾಕಿ, ಮಾವನ ಮುಂದೆ ಇಟ್ಟಳು. ಮುದುಕರು ಚೂರು ಮುರಿದು, ಬೆರಳಿನಲ್ಲಿ ಸವರಿ ನೋಡಿ ಕೇಳಿದರು.

"ಯಾರ ಕೈ ಇದು?"

"ಕಮಲಾನ ಕೈರಿ, ಮಾವಾರ."

ಚೂರು ಅವರ ಕೈಯಲ್ಲೇ ಉಳಿಯಿತು. ಅವ್ವ ತಲೆ ಎತ್ತಲಿಲ್ಲ, ಇನ್ನೊಂದು ಉಂಡೆ ಹಿಡಿದು ಕೂತಳು. ಆಮೇಲೆ ಮುದುಕರು ಚೂರನ್ನು ಬಾಯಿಗೆ ಹಾಕಿಕೊಂಡರು. ಇದ್ದ ನಾಲ್ಕು ಹಲ್ಲಿನಲ್ಲಿ ನಿಧಾನ ಅಗಿದರು.

"ಇನ್ನೊಂದ್ ಹಾಕವ್ವ" ಅಂದರು.

ಅಷ್ಟೇ ತಡ, ಹುಡುಗರು ಮುದುಕರು ಎಲ್ಲ ತಾಟು ಹಿಡಿದುಕೊಂಡು ಬಂದರು. ಅವತ್ತಿನಿಂದ ಅವ್ವ ಆ ಒಲೆಯ ಮುಂದಿನಿಂದ ಎದ್ದದ್ದು ಕಡಿಮೆ. ಶರಣಮ್ಮ ಪಕ್ಕದಲ್ಲಿ ಕೂತು ಎಡಗೈಯಿಂದ ಕಟ್ಟಿಗೆ ದೂಡುವಳು, ಹೊಗೆಗೆ ಇಬ್ಬರೂ ಕಣ್ಣೀರು ಸುರಿಸಿಕೊಂಡು ನಗುವರು. "ಏ ಕಮಲಾ, ಒಂದಿಷ್ಟು ಉಸಿರರೆ ಬಿಡಬೇ, ನೀ ಏನ್ ಮಿಷನ್ ಇದ್ದೀಯೇನು?" ಅಂದರೆ ಅವ್ವ, "ನೀವು ಉರಿ ಸರಿ ಹಾಕ್ರಿ ಅಕ್ಕಾ, ಮಾತ ಆಮ್ಯಾಲ" ಅನ್ನುವಳು. ಅಕ್ಕಾ! ಹುಟ್ಟಿದಾಗಿನಿಂದ ನಾನು ಕೇಳಿದ್ದು ಅಮ್ಮಾರ, ಅಮ್ಮಾರ ಎಂದು. ಅದು ಯಾವ ಹೊತ್ತಿನಲ್ಲಿ ಅಕ್ಕ ಆಯಿತೋ ಅವ್ವನಿಗೂ ಗೊತ್ತಿರಲಿಕ್ಕಿಲ್ಲ.

ಒಂದು ದಿನ ಸಾವ್ಕಾರರು ಉಣ್ಣುತ್ತ ಚಾಷ್ಟಿ ಮಾಡಿದರು. "ಕಮಲಾ, ಇಷ್ಟ ವರ್ಷ ಈ ರೊಟ್ಟಿ ಎಲ್ಲಿ ಮುಚ್ಚಿಟ್ಟಿದ್ದಿ?"

"ನಾ ಮುಚ್ಚಿಟ್ಟಿದ್ದಿಲ್ರಿ. ನಡುವ ನಿಮ್ಮ ಗ್ವಾಡಿ ಇತ್ತರಿ" ಅಂದಳು ಅವ್ವ.

ಎಲ್ಲರೂ ನಕ್ಕರು. ಸಾವ್ಕಾರರೂ ನಕ್ಕರು. ಒಂದೇ ಕೊಡದ ನೀರು, ಒಂದೇ ಲೋಟ. ತರಗತಿಯಲ್ಲಿ ಸಮಾನತೆಯ ಪಾಠ ಮಾಡಿ ಬಾಯಿ ಒಣಗಿಸಿಕೊಂಡವಳು ನಾನು, ಕೆಸರು ನೀರು ಮೂರು ಕಡೆ ಸುತ್ತುವರಿದ ಆ ದಿಬ್ಬದ ಮೇಲೆ ಅದನ್ನು ಕಣ್ಣಾರೆ ಕಂಡೆ. ಕೆಳಗೆ ನಮ್ಮ ಮನೆಯ ಮಾಳಿಗೆ ಕುಸಿದದ್ದು ಕಾಣುತ್ತಿತ್ತು, ಆದರೂ ನಾನು ಹೊಟ್ಟೆ ತುಂಬ ಉಂಡು ನಿಶ್ಚಿಂತೆಯಿಂದ ಮಲಗಿದ್ದೆ.

ನೀರು ಇಳಿಯಲು ಶುರುವಾದ ದಿನ ಶರಣಮ್ಮ ಕೆಳಗಿನ ತನ್ನ ಅಂಗಳದ ಕಡೆ ನೋಡುತ್ತ ಅಂದಳು, "ಒಲಿ ಒಂದೂ ಉಳ್ದಿರಂಗಿಲ್ಲ. ಇರ್ಲಿ, ಮತ್ತ ಕಟ್ಟೋಣು. ಆರು ಇದ್ದಲ್ಲಿ ಏಳು ಮಾಡೋಣು. ಏಳನೇದು ನಿಂದು ಕಮಲಾ."

ಅವ್ವನ ಕೈ ನಿಂತಿತು. "ಖರೇನ ಅಕ್ಕಾ?"

"ಮತ್ತ? ನಿನ್ನ ರೊಟ್ಟಿ ಉಂಡ ಬಾಯಿಲೆ ಸುಳ್ಳ ಹೇಳ್ಲೇನು?"

ಸಂಜೆ ಅವ್ವನಿಗೆ ನಾನು ನನ್ನ ಪಾಂಡಿತ್ಯ ತೋರಿಸಿದೆ. ಹಳೆಗನ್ನಡದಲ್ಲಿ ಜೋಳವಾಳಿ ಎಂಬ ಮಾತಿದೆ, ಯಾರ ಜೋಳ ಉಂಡೆವೋ ಅವರ ಋಣ ತೀರಿಸಲು ಜೀವ ಕೊಡುತ್ತಿದ್ದರು ಎಂದು ಹೇಳಿದೆ. ಅವ್ವ ಬಹಳ ಲಕ್ಷ್ಯಕೊಟ್ಟು ಕೇಳಿದಳು. "ಈಗೂ ಅದಯೇನು ಅದು?" ಎಂದಳು. ಇದೆ, ಒಂಬತ್ತನೆಯ ತರಗತಿಗೆ ಕಲಿಸುತ್ತೇನೆ ಅಂದೆ.

ನೀರು ಇಳಿದಮೇಲೆ ಕೆಸರು. ಮೊಣಕಾಲು ಮಟ್ಟ ಕೆಸರು, ಮನೆ ಮನೆಯೊಳಗೆ. ನಮ್ಮ ಜೋಳದ ಚೀಲಗಳು ಒಡೆದು ಒಳಗೇ ಮೊಳಕೆ ಬಂದು ಕೊಳೆತಿದ್ದವು. ಊರಿಗೆ ಊರೇ ಆ ವಾಸನೆ. ಆದರೆ ನಮ್ಮ ಮಂದಿ ಕೂತು ಅಳಲಿಲ್ಲ, ಅದನ್ನು ಒಪ್ಪಲೇಬೇಕು. ಚಹಾದಂಗಡಿಯವನು ಬಂಡಿಯ ಮೇಲೆ ಸ್ಟೋವು ಇಟ್ಟು ಕೆಸರಿನ ನಡುವೆಯೇ ಚಹಾ ಕಾಸಿದ. ದರ್ಜಿ ಹೊಲಿಗೆ ಯಂತ್ರವನ್ನು ಕಳಚಿ ಮಾಳಿಗೆಯ ಮೇಲೆ ಒಣಹಾಕಿದ. ಅಣ್ಣ ಮತ್ತು ನಮ್ಮ ಓಣಿಯ ಹುಡುಗರು ಶರಣಮ್ಮನ ಗಿರಣಿಯ ಮೋಟಾರು ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಮತ್ತೆ ಜೋಡಿಸಿದರು. ಅದು ಮೊದಲ ಸಲ ಗುರ್ ಅಂದಾಗ ಮೂರು ಓಣಿಯವರೂ ಚಪ್ಪಾಳೆ ಹೊಡೆದರು.

ಅವ್ವ ನಮ್ಮ ಮನೆಯ ಗೋಡೆ ಎತ್ತುವ ಮೊದಲೇ ಶರಣಮ್ಮನ ಅಂಗಳಕ್ಕೆ ಹೋದಳು. ಕೆಸರು ಎತ್ತಿ ಚೆಲ್ಲಿದಳು. ಹೊಳೆ ತಂದು ಹಾಕಿದ ನುಣುಪು ಮಣ್ಣನ್ನೇ ಸೋಸಿ, ತೊಗರಿ ಹೊಟ್ಟು, ಸೆಗಣಿ ಕಲಸಿ, ತುಳಿದು, ಒಲೆ ಹಾಕತೊಡಗಿದಳು. "ಹೊಳಿ ಮಣ್ಣು ಒಲಿಗೆ ಬರೋಬ್ಬರಿ. ಎಷ್ಟ ಉರಿ ಹಾಕಿದ್ರೂ ಸೀಳಂಗಿಲ್ಲ." ಏಳೂ ಒಲೆಗಳನ್ನು ಅವಳೊಬ್ಬಳೇ ಹಾಕಿ, ಒದ್ದೆ ಕೈಯಿಂದ ಸವರಿ ಸವರಿ ನುಣುಪು ಮಾಡಿದಳು. ಏಳನೆಯದನ್ನು ತನ್ನ ಮೊಣಕಾಲಿಗೆ ಹೊಂದುವಂತೆ ಸ್ವಲ್ಪ ತಗ್ಗು ಮಾಡಿಕೊಂಡಳು. "ಅತ್ತೀ, ನಮ್ಮನಿ ಒಲಿ ಯಾವಾಗ ಹಾಕ್ತೀರಿ?" ಎಂದು ವೈನಿ ಛೇಡಿಸಿದರೆ, "ನಡಿ ನಡಿ, ಅದೇನ್ ಓಡಿ ಹೋಗ್ತದ?" ಅನ್ನುವಳು. ನನ್ನ ರಜೆ ಮುಗಿದು ನಾನು ಕಡಗಂಚಿಗೆ ಬಂದೆ. ಒಲೆ ಒಣಗಿವೆ, ಸೋಮವಾರ ಪೂಜೆ, ನೀನೂ ಬಾ ಎಂದು ಅವ್ವ ಫೋನು ಮಾಡಿದಳು. ರಜೆ ಬರೆದುಕೊಟ್ಟು ಹೋದೆ.

ಅಷ್ಟರಲ್ಲಿ ಮಟಕಿಗೆ ಹೋಗಿದ್ದ ಆರೂ ಹೆಣ್ಣುಮಕ್ಕಳು ಅತ್ತೆ, ಗಂಡ ಸಮೇತ ತಿರುಗಿ ಬಂದಿದ್ದರು. ದಿಬ್ಬದ ಮೇಲೆ ನಡೆದದ್ದು ಅವರ ಕಿವಿಗೆ ಬಿದ್ದಿತ್ತು, ಅವರೇನೂ ಅಲ್ಲಿ ಉಂಡವರಲ್ಲ.

ಸೋಮವಾರ ಅವ್ವ ತಲೆಗೆ ನೀರು ಹಾಕಿಕೊಂಡು, ನಾನು ಕೊಡಿಸಿದ ಹಸಿರು ಸೀರೆ ಉಟ್ಟು ಹೊರಟಳು. ನಡೆಯುವಾಗ ಮೊಣಕಾಲು ನೋವಿನ ನೆನಪೂ ಅವಳಿಗಿದ್ದಂತೆ ಕಾಣಲಿಲ್ಲ. ಶರಣಮ್ಮ ಬಾಗಿಲಲ್ಲೇ ನಿಂತಿದ್ದಳು. ಮಣಿಕಟ್ಟು ವಾಸಿಯಾಗಿತ್ತು, ಆ ಕೈಯಿಂದ ಚೌಕಟ್ಟು ಹಿಡಿದಿದ್ದಳು. ಒಳಗೆ ಬಾ ಅನ್ನಲಿಲ್ಲ.

"ಕಮಲಾ, ಒಂದ್ ಮಾತು. ನನ್ನ ಮನಸಿನ್ಯಾಗ ಏನೂ ಇಲ್ಲ ತಂಗಿ, ನನ್ನ ಮಕ್ಕಳಾಣಿ. ಆದ್ರ ಇವ್ರು ನಿನ್ನ ಬಾಜೂಕ ಕುಂದ್ರಂಗಿಲ್ಲ ಅಂತಾರ. ಖಾನಾವಳಿಯಂವನೂ ಫೋನ್ ಮಾಡಿ ಕೇಳ್ದ, ರೊಟ್ಟಿ ಯಾರ್ಯಾರು ತಟ್ತಾರ ಅಂತ. ಗಿರಾಕಿ ಹ್ವಾದ್ರ ಆರು ಮನಿ ಹೊಟ್ಟಿ ಪ್ರಶ್ನೆ. ನೀ ಹೊರಗಿಂದು ನೋಡ್ಕೋ. ಕಟ್ಟಿಗಿ, ಬೂದಿ, ಅಂಗಳ. ಪಗಾರ ಅವ್ರಷ್ಟೇ ಕೊಡ್ತೇನಿ."

ಒಳಗೆ ಪಡಸಾಲೆಯಲ್ಲಿ, ಗೋಡೆಯ ತುಂಬ ಶರಣರ ಪಟಗಳ ಕೆಳಗೆ, ಮಲ್ಲಪ್ಪ ಸಾವ್ಕಾರರು ಕೂತಿದ್ದರು. ನನಗೆ ತಡೆಯಲಾಗಲಿಲ್ಲ, ಹೊರಗಿನಿಂದಲೇ ಕೂಗಿದೆ. "ಸಾವ್ಕಾರ್ರ, ಇನ್ನೊಂದ್ ಹಾಕವ್ವ ಅಂದಿದ್ರಲ್ರಿ ನೀವು! ಈಗ ಮಾತಾಡ್ರಿ!"

ಅವರು ಸಿಟ್ಟಾಗಲಿಲ್ಲ. ತಿಳಿಯದ ಹುಡುಗಿಗೆ ತಿಳಿಸಿ ಹೇಳುವವರ ಹಾಗೆ ಅಂದರು, "ಅದು ಹೊಳಿ ಬಂದಾಗಿನ ಮಾತವ್ವ."

ನನ್ನ ಮೈಯೆಲ್ಲ ಉರಿಯಿತು. ಕಾನೂನು ಅದ, ಗೊತ್ತದಯೇನ್ರಿ ನಿಮಗ, ನಾಳೆನೇ ಹೋಗಿ ಕಂಪ್ಲೇಂಟ್ ಕೊಡ್ತೇನಿ ಎಂದು ಓಣಿ ಕೇಳುವಂತೆ ಒದರಿದೆ. ಶರಣಮ್ಮ ಅಳತೊಡಗಿದಳು. ನಾಟಕದ ಅಳು ಅಲ್ಲ, ಸುಮ್ಮನೆ ಏಕೆ ಹೇಳಲಿ, ಕರುಳಿನಿಂದ ಬಂದ ಅಳು. ನಾನು ಇವತ್ತಿಗೂ ಅವಳನ್ನು ಕ್ಷಮಿಸಲಾಗದಿರುವುದು ಅದಕ್ಕೇ. ಅಷ್ಟು ದುಃಖ ಇದ್ದವಳು ಚೌಕಟ್ಟಿನ ಮೇಲಿನ ಕೈ ತೆಗೆಯಬಹುದಾಗಿತ್ತು.

ಅವ್ವ ನನ್ನ ರಟ್ಟೆ ಹಿಡಿದಳು. "ಸುಜಾತಾ, ಬಾಯಿ ಮುಚ್ಚು." ಆಮೇಲೆ ಶರಣಮ್ಮನ ಕಡೆ ತಿರುಗಿ, "ಇರ್ಲಿ ಬಿಡ್ರಿ, ಅಮ್ಮಾರ" ಅಂದಳು.

ಅಮ್ಮಾರ. ನನ್ನ ಕೆನ್ನೆಗೆ ಹೊಡೆದಿದ್ದರೂ ಅಷ್ಟು ಹತ್ತುತ್ತಿರಲಿಲ್ಲ.

ಎರಡು ಹೆಜ್ಜೆ ಬಂದವಳು ನಿಂತು ಕೇಳಿದಳು, "ಆ ಏಳನೇ ಒಲಿ ಮ್ಯಾಲ ಯಾರ ಕುಂದ್ರತಾರರಿ?"

"ಯಾರೂ ಇಲ್ಲ. ನೀರ ಕಾಸಾಕ ಇಟ್ಕೊಂಡೇವಿ" ಅಂದಳು ಶರಣಮ್ಮ, ಮೂಗು ಒರೆಸಿಕೊಳ್ಳುತ್ತ.

"ಅದು ಒಂದೀಟು ತಗ್ಗ ಅದರಿ. ಹಂಡೆ ಬರೋಬ್ಬರಿ ಕುಂದ್ರಂಗಿಲ್ಲ. ಸುತ್ತ ಮಣ್ಣ ಏರಿಸ್ಕೋರಿ" ಎಂದು ಹೇಳಿ ಅವ್ವ ಮನೆಗೆ ಬಂದಳು.

ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಉಪ್ಪು ಉಂಡಿದ್ದರಲ್ಲವೇ ಉಪ್ಪಿನ ಋಣ! ಇನ್ನು ಜೋಳದ ಋಣ, ಅದು ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಇರಲಿ. ಆ ಪಾಠ ಬಂದಾಗ ಈಗ ನಾನು ಹುಡುಗರಿಗೆ ಓದಿಕೊಳ್ಳಿ ಎಂದು ಹೇಳಿ ಕಿಟಕಿಯ ಕಡೆ ತಿರುಗಿ ನಿಲ್ಲುತ್ತೇನೆ.

ಕಂಪ್ಲೇಂಟ್ ಕೊಡಲಿಲ್ಲ. ಅಣ್ಣ ಕೈ ಮುಗಿದ. ಸೀಜನ್ ಬಂದಿದೆ, ಅವರ ಕಬ್ಬು ಬಿಟ್ಟರೆ ಟ್ರ್ಯಾಕ್ಟರಿಗೆ ಕೆಲಸವಿಲ್ಲ ಅಂದ. ಅವ್ವನೂ ಬೇಡ ಅಂದಳು. "ಕೇಸ್ ಹಾಕಿದ್ರ ಒಳಗ ಕರೀತಾರ, ಹೌದು. ಹೆದರಿ ಉಂಡ್ರ ಉಂಡಂಗ ಆಗ್ತದೇನು?" ಕಟ್ಟಿಗೆ ಹೊರುವ ಕೆಲಸಕ್ಕೆ ಅವಳು ಹೋಗಲಿಲ್ಲ. ಕಳೆ ತೆಗೆಯಲೂ ಹೋಗಲಿಲ್ಲ. ಮನೆಯ ಗೋಡೆ ಎದ್ದಮೇಲೆ ನಾನು ಅವಳನ್ನು ಕಡಗಂಚಿಗೆ ಕರೆತಂದೆ.

ನಮ್ಮ ಊರು ಹೇಗೆ ಚೇತರಿಸಿಕೊಂಡಿತು ಎಂದು ಪೇಪರಿನಲ್ಲಿ ಬಂತು. ರೊಟ್ಟಿ ಕೇಂದ್ರದ ಫೋಟೋ ಇತ್ತು, ಆರು ಜನ ಹೆಣ್ಣುಮಕ್ಕಳು ನಗುತ್ತ ರೊಟ್ಟಿ ಹಿಡಿದುಕೊಂಡಿದ್ದರು. ಸುಳ್ಳೇನೂ ಬರೆದಿರಲಿಲ್ಲ. ಗಿರಣಿ, ಅಂಗಡಿ, ಕೇಂದ್ರ ಎಲ್ಲವೂ ಮೊದಲು ಹೇಗಿದ್ದವೋ ಹಾಗೇ ಆಗಿದ್ದವು. ಅವ್ವ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಒಲಿ ಸೀಳಿಲ್ಲ ನೋಡು" ಅಂದಳು.

ಕಡಗಂಚಿಯಲ್ಲಿ ನಮ್ಮ ಹಿತ್ತಲಲ್ಲಿ ಅವಳಿಗೊಂದು ಒಲೆ ಹಾಕಿಕೊಟ್ಟೆ. ಇಲ್ಲಿನ ವಿಶ್ವವಿದ್ಯಾಲಯದ ಹುಡುಗರು, ಎಲ್ಲೆಲ್ಲಿಂದಲೋ ಬಂದು ರೂಮು ಮಾಡಿಕೊಂಡಿರುವವರು, ಬಂದು ರೊಟ್ಟಿ ಒಯ್ಯುತ್ತಾರೆ. ಯಾರ ಕೈ ಎಂದು ಯಾರೂ ಕೇಳುವುದಿಲ್ಲ. ಇನ್ನೇನು ಬೇಕು ಎಂದು ನಾನು ಅಂದರೆ ಅವ್ವ ತಲೆ ಆಡಿಸುತ್ತಾಳೆ. "ಇವ್ರು ಪರಊರವ್ರು ಸುಜಾತಾ. ಇವ್ರು ಉಂಡ್ರೇನು, ಬಿಟ್ರೇನು."

ಮೊನ್ನೆ ಜೇವರ್ಗಿಯಿಂದ ಮನೆಗೆ ಬಂದ ಮರುದಿನ ಬೆಳಿಗ್ಗೆ ಫೋನು ಬಂತು. ಶರಣಮ್ಮ.

"ಸುಜಾತಾ, ಮತ್ತ ನೀರ ಬಂತವ್ವ. ಸಾಲ್ಯಾಗ ಬಂದು ಕುಂತೇವಿ. ಅವ್ವಗ ಒಂದೀಟು ಫೋನ್ ಕೊಡು."

"ನಿಮ್ಮ ಆರು ಮಂದಿ ಅದಾರಲ್ರಿ."

"ಅವ್ರು ಮಟಕಿಗೆ ಹ್ವಾದ್ರು" ಅಂದಳು. ದನಿ ಸಣ್ಣದಾಗಿತ್ತು.

ಫೋನು ಇಡುವವಳಿದ್ದೆ. ಅವ್ವ ಬಂದು ಕೈಯಿಂದ ತೆಗೆದುಕೊಂಡಳು. ಆ ಕಡೆಯ ಮಾತನ್ನು ಪೂರ್ತಿ ಕೇಳಿದಳು. "ಹ್ಞೂಂ ಅಕ್ಕಾ. ಬರ್ತೇನಿ" ಅಂದಳು.

ಸೀರೆ, ಗುಳಿಗೆ, ಹಂಚು ಎಲ್ಲ ಚೀಲಕ್ಕೆ ಹೋದವು. ನಾನು ಬಾಗಿಲಿಗೆ ಅಡ್ಡ ನಿಂತೆ. ಅಳುತ್ತಿದ್ದೆ, ಸಿಟ್ಟಿಗೋ ದುಃಖಕ್ಕೋ ಗೊತ್ತಿಲ್ಲ. "ನಿನಗ ಮಾನ ಮರ್ಯಾದಿ ಏನೂ ಇಲ್ಲೇನಬೇ ಯವ್ವಾ? ನೀರ ಇಳೀತಂದ್ರ ಮತ್ತ ಹೊರಗ ಹಾಕ್ತಾರ ನಿನ್ನ!"

"ಹಾಕ್ತಾರ. ಗೊತ್ತದ ನನಗ."

ಅವ್ವ ಚೀಲದ ಬಾಯಿ ಕಟ್ಟಿ, ಹಂಚಿನ ಭಾರ ನೋಡಿ, ಹೆಗಲಿಗೆ ಏರಿಸಿದಳು.

"ಆದ್ರ ಈ ಸಲ ನೀರ ಭಾಳ ಅದ ಅಂತ ಸುಜಾತಾ. ಜಲ್ದಿ ಇಳ್ಯಂಗಿಲ್ಲ ಅಂದ್ಲು ಅಕ್ಕ."

ಹಾಗೆ ಹೇಳುವಾಗ ಅವ್ವ ನಗುತ್ತಿದ್ದಳು.